ಸಿಸಿಟಿವಿ ಫೂಟೇಜ್ ಓಪನ್ ಆಗುತ್ತಿಲ್ಲವೇ? ಡಿವಿಆರ್‌ನಿಂದ ಎಂಪಿ4 ತನಕ ಒಂದೊಂದೇ ಹಂತ

ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರ ಮಾಡುವ ಕಾಕಾ ಒಬ್ಬರು ಪೆನ್‌ಡ್ರೈವ್ ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದಿದ್ದರು. ರಾತ್ರಿ ಗೋದಾಮಿನಿಂದ ಲೋಡ್ ಆದ ಬಾಕ್ಸ್‌ಗಳ ಲೆಕ್ಕ ತಾಳೆ ಆಗಿರಲಿಲ್ಲ. "ಕ್ಯಾಮೆರಾದಾಗ ಎಲ್ಲಾ ಐತ್ರೀ, ಕಂಪ್ಯೂಟರ್‌ನ್ಯಾಗ ಓಪನ್ ಆಗವಲ್ದು, ಅಷ್ಟ" ಎಂದರು. ಪೆನ್‌ಡ್ರೈವ್ ಹಾಕಿ ನೋಡಿದೆ. ನಾಲ್ಕು ಫೈಲ್ ಇದ್ದವು. ನಾಲ್ಕೂ ಸೊನ್ನೆ ಕೆಬಿ. ಕಾಪಿ ಮುಗಿಯುವ ಮೊದಲೇ ಪೆನ್‌ಡ್ರೈವ್ ಕಿತ್ತಿದ್ದರು. ಅಷ್ಟರಲ್ಲಿ ಹದಿನೈದು ದಿನ ಕಳೆದಿತ್ತು. ಡಿವಿಆರ್, ಅಂದರೆ ಕ್ಯಾಮೆರಾಗಳ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ, ಆ ರಾತ್ರಿಯ ಮೇಲೆ ಹೊಸ ರೆಕಾರ್ಡಿಂಗ್ ಬರೆದುಬಿಟ್ಟಿತ್ತು. ನನ್ನಿಂದ ಏನೂ ಮಾಡಲು ಆಗಲಿಲ್ಲ.

ಹೀಗೆ ಬರುವವರು ಬೇರೆ ಬೇರೆ ಊರಿನವರು. ತಿಕೋಟಾದವರು, ಇಂಡಿಯವರು, ಆ ಕಡೆ ಜಮಖಂಡಿಯವರು. ಆದರೆ ಎಡವುವ ಜಾಗ ಮಾತ್ರ ಅದೇ ನಾಲ್ಕೈದು. ಡಿವಿಆರ್ ಫೈಲನ್ನು ಎಲ್ಲ ಕಡೆ ಓಡುವ ಎಂಪಿ4 ವಿಡಿಯೋ ಆಗಿ ಕನ್ವರ್ಟ್ ಮಾಡುವುದು ದೊಡ್ಡ ವಿದ್ಯೆಯೇನೂ ಅಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ತಪ್ಪಿದಾಗಲೇ ಕೆಲಸ ಕೆಡುತ್ತದೆ. ಅದಕ್ಕೇ ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ನಾನೇ ಹೇಳಿದ ಕಡೆ ಬಿಟ್ಟು ನಡುವೆ ಯಾವ ಹಂತವನ್ನೂ ದಾಟಬೇಡಿ.

ಶುರು ಮಾಡುವ ಮುಂಚೆ ಇವು ಕೈಯಲ್ಲಿರಲಿ

ಡಿವಿಆರ್‌ನ ಮೌಸ್ ಮತ್ತು ಪಾಸ್‌ವರ್ಡ್. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೆ ಕ್ಯಾಮೆರಾ ಕೂರಿಸಿದ ಹುಡುಗನಿಗೆ ಈಗಲೇ ಫೋನ್ ಮಾಡಿ. ಊಹೆ ಮಾಡಿ ಒತ್ತುತ್ತಾ ಹೋದರೆ ಡಿವಿಆರ್ ಸ್ವಲ್ಪ ಹೊತ್ತು ಲಾಕ್ ಆಗುತ್ತದೆ.

32 ಜಿಬಿಯ ಎರಡು ಪೆನ್‌ಡ್ರೈವ್. ಒಂದು ಇಳಿಸಿಕೊಳ್ಳಲು, ಇನ್ನೊಂದು ಮೂಲ ಫೈಲನ್ನು ಹಾಗೇ ಎತ್ತಿಡಲು. ಹಾಡು, ಮದುವೆ ಫೋಟೋ ತುಂಬಿದ ಪೆನ್‌ಡ್ರೈವ್ ಬೇಡ.

ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರ್. ಫೂಟೇಜ್ ಎಷ್ಟು ಜಿಬಿ ಇದೆಯೋ ಅದರ ಮೂರು ಪಟ್ಟು ಜಾಗ ಖಾಲಿ ಇರಲಿ.

ನಾಲ್ಕು ಉಚಿತ ಸಾಫ್ಟ್‌ವೇರ್: ವಿಎಲ್‌ಸಿ (ವಿಡಿಯೋ ಓಡಿಸಲು), ಹ್ಯಾಂಡ್‌ಬ್ರೇಕ್ (ಕನ್ವರ್ಟ್ ಮಾಡಲು), ಮೀಡಿಯಾಇನ್ಫೋ (ಫೈಲಿನ ವಿವರ ನೋಡಲು) ಮತ್ತು 7-ಜಿಪ್ (ಫೈಲ್ ಬದಲಾಗಿಲ್ಲ ಎಂದು ತಾಳೆ ನೋಡಲು). ಇವನ್ನು ಅವುಗಳ ಸ್ವಂತ ವೆಬ್‌ಸೈಟ್‌ನಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲ್ಗಡೆ ಜಾಹೀರಾತಾಗಿ ಬರುವ 'ಫ್ರೀ ಕನ್ವರ್ಟರ್'ಗಳನ್ನು ಮುಟ್ಟಬೇಡಿ. ಫೈಲ್ ಅಪ್‌ಲೋಡ್ ಮಾಡಿಸಿಕೊಂಡು ಕನ್ವರ್ಟ್ ಮಾಡಿಕೊಡುವ ವೆಬ್‌ಸೈಟ್‌ಗಳೂ ಬೇಡ. ನಿಮ್ಮ ಅಂಗಡಿಗೆ ಬಂದು ಹೋದ ಹೆಣ್ಣುಮಕ್ಕಳ, ಮಕ್ಕಳ ಮುಖ ಅದರಲ್ಲಿರುತ್ತದೆ. ಗೊತ್ತಿಲ್ಲದವರ ಸರ್ವರ್‌ಗೆ ಅದನ್ನು ಯಾಕೆ ಕಳಿಸಬೇಕು?

ಮೆನುಗಳ ಹೆಸರು ಪರದೆ ಮೇಲೆ ಇಂಗ್ಲಿಷ್‌ನಲ್ಲಿ ಇರುತ್ತವೆ. ಅಲ್ಲಿ ಓದಿದಾಗ ಹೇಗೆ ಕೇಳುತ್ತದೋ ಹಾಗೇ ಇಲ್ಲಿ ಬರೆದಿದ್ದೇನೆ.

ಹಂತ 1: ಮೊದಲು ಫೂಟೇಜ್ ಅಳಿಸಿಹೋಗದಂತೆ ನೋಡಿಕೊಳ್ಳಿ

ಹಾರ್ಡ್‌ಡಿಸ್ಕ್ ತುಂಬಿದ ಮೇಲೆ ಡಿವಿಆರ್ ಹಳೆಯದನ್ನು ಅಳಿಸಿ ಅದರ ಮೇಲೇ ಬರೆಯುತ್ತದೆ. ನಿಮಗೆ ಎಷ್ಟು ದಿನ ಸಿಗುತ್ತದೆ ಎಂದು ಲೆಕ್ಕ ಹಾಕುವುದು ಸುಲಭ. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ರೆಕಾರ್ಡ್ ಮಾಡಿದರೆ ತಾಸಿಗೆ ಸುಮಾರು 900 ಎಂಬಿ. ದಿನಕ್ಕೆ 21 ಜಿಬಿ ದಾಟುತ್ತದೆ. ನಾಲ್ಕು ಕ್ಯಾಮೆರಾ ಸೇರಿದರೆ ಸುಮಾರು 86 ಜಿಬಿ. 1 ಟಿಬಿ ಡಿಸ್ಕ್ ಇದ್ದರೆ ಹನ್ನೊಂದು ದಿನ ಕಳೆಯುವಷ್ಟರಲ್ಲಿ ತುಂಬಿತು. ಎಂಟು ಕ್ಯಾಮೆರಾ ಇದ್ದರೆ ಐದೂವರೆ ದಿನ, ಅಷ್ಟೇ.

ಘಟನೆ ನಡೆದು ಮೂರು ದಿನ ಆಗಿದ್ದರೂ ಇವತ್ತೇ ಇಳಿಸಿಕೊಳ್ಳಿ. 'ಭಾನುವಾರ ನೋಡೋಣ' ಅನ್ನಬೇಡಿ. ಕೆಲವು ಡಿವಿಆರ್‌ಗಳಲ್ಲಿ ಬೇಕಾದ ಫೈಲನ್ನು 'ಲಾಕ್' ಮಾಡುವ ಸೌಲಭ್ಯ ಇರುತ್ತದೆ. ಇದ್ದರೆ ಮೊದಲು ಅದನ್ನು ಮಾಡಿ. ಇಲ್ಲದಿದ್ದರೆ, ಇವತ್ತು ಇಳಿಸಿಕೊಳ್ಳಲು ಆಗದೇ ಹೋದರೆ, ಮೆನುವಿನೊಳಗಿನ 'ಶಟ್‌ಡೌನ್' ಒತ್ತಿ ಡಿವಿಆರ್ ಬಂದ್ ಮಾಡಿ. ವೈರ್ ಕಿತ್ತು ಬಂದ್ ಮಾಡಬೇಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕೊನೆಯ ಫೈಲ್ ಕೆಡುವ ಸಾಧ್ಯತೆ ಜಾಸ್ತಿ.

ಹಂತ 2: ಡಿವಿಆರ್ ಗಡಿಯಾರ ತಾಳೆ ನೋಡಿ

ಇದನ್ನು ಬಹಳ ಜನ ಬಿಟ್ಟೇಬಿಡುತ್ತಾರೆ. ಡಿವಿಆರ್‌ನ ಗಡಿಯಾರ ತನ್ನಷ್ಟಕ್ಕೆ ಮುಂದೆ ಹಿಂದೆ ಓಡುತ್ತಿರುತ್ತದೆ. ಒಳಗಿನ ಚಿಕ್ಕ ಬ್ಯಾಟರಿ ಸೋತಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು 2000ನೇ ಇಸವಿಗೆ ಹೋಗಿ ಕೂರುವುದೂ ಉಂಟು. ಆಗ 'ಆ ದಿನದ್ದು ರೆಕಾರ್ಡಿಂಗ್ ಇಲ್ಲ' ಎಂದು ತೋರಿಸುತ್ತದೆ. ಫೂಟೇಜ್ ಇರುತ್ತದೆ, ಬೇರೆ ತಾರೀಖಿನ ಕೆಳಗೆ.

ಹೀಗೆ ಮಾಡಿ. ಮಾನಿಟರ್‌ನಲ್ಲಿ ಲೈವ್ ಚಿತ್ರ ಮತ್ತು ಸಮಯ ಕಾಣುವಂತೆ ಇಟ್ಟುಕೊಳ್ಳಿ. ಪಕ್ಕದಲ್ಲಿ ಒಂದು ಮೊಬೈಲ್ ಹಿಡಿದು, ಅದರ ಗಡಿಯಾರವೂ ಒಟ್ಟಿಗೆ ಬರುವಂತೆ ಇನ್ನೊಂದು ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಯಿರಿ. ವ್ಯತ್ಯಾಸ ಎಷ್ಟಿದೆ ಎಂದು ಬರೆದಿಡಿ. ಡಿವಿಆರ್ 12 ನಿಮಿಷ ಮುಂದಿದೆ ಎಂದುಕೊಳ್ಳಿ. ರಾತ್ರಿ 9 ಗಂಟೆಯ ಘಟನೆ ಅದರಲ್ಲಿ 9:12ಕ್ಕೆ ಸಿಗುತ್ತದೆ. ಫೂಟೇಜ್ ಇಳಿಸಿಕೊಳ್ಳುವ ತನಕ ಆ ಗಡಿಯಾರವನ್ನು ಸರಿಮಾಡಲು ಹೋಗಬೇಡಿ. ಈಗಲೇ ತಿದ್ದಿದರೆ ವ್ಯತ್ಯಾಸ ಎಷ್ಟಿತ್ತು ಎಂದು ತೋರಿಸಲು ಏನೂ ಉಳಿಯುವುದಿಲ್ಲ.

ಹಂತ 3: ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಿ

ಪೆನ್‌ಡ್ರೈವನ್ನು ಕಂಪ್ಯೂಟರ್‌ನಲ್ಲಿ ಫ್ಯಾಟ್32 ಮಾದರಿಗೆ ಫಾರ್ಮ್ಯಾಟ್ ಮಾಡಿ. ಡಿವಿಆರ್‌ಗಳು ಹೆಚ್ಚಾಗಿ ಒಪ್ಪುವುದು ಇದನ್ನೇ. 64 ಜಿಬಿಯ ಹೊಸ ಪೆನ್‌ಡ್ರೈವ್ ಬೇರೆ ಮಾದರಿಯಲ್ಲಿ ಬರುತ್ತದೆ, ಎಷ್ಟೋ ಡಿವಿಆರ್‌ಗಳು ಅದನ್ನು ಗುರುತಿಸುವುದೇ ಇಲ್ಲ. ನಾನು 32 ಜಿಬಿ ಎಂದಿದ್ದು ಅದಕ್ಕೇ.

ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಹಾಗಾಗಿ ಇಡೀ ದಿನವನ್ನು ಒಂದೇ ಸಲ ಕೇಳಬೇಡಿ. ಘಟನೆಗೆ ಅರ್ಧ ತಾಸು ಮುಂಚೆ, ಅರ್ಧ ತಾಸು ಆಮೇಲೆ, ಇಷ್ಟು ಸಾಕು. ಆ ಮುಂಚಿನ ಅರ್ಧ ತಾಸು ಮುಖ್ಯ. ಕಳ್ಳ ಬಂದು ಸುಮ್ನೆ ಒಂದು ಸುತ್ತು ನೋಡಿ ಹೋಗಿದ್ದು ಅದರಲ್ಲೇ ಇರುತ್ತದೆ.

'ಮೇನ್ ಮೆನು' ಒಳಗೆ 'ಬ್ಯಾಕಪ್' ಅಥವಾ 'ಎಕ್ಸ್‌ಪೋರ್ಟ್' ಎಂದಿರುತ್ತದೆ. ಕ್ಯಾಮೆರಾ ನಂಬರ್, ಶುರುವಿನ ಸಮಯ, ಮುಗಿಯುವ ಸಮಯ ಕೊಟ್ಟು ಹುಡುಕಿ. ಒತ್ತುವ ಮುನ್ನ ಅಲ್ಲೇ ಮೂರು ವಿಷಯ ಗಮನಿಸಿ.

ಒಂದು, 'ಮೇನ್ ಸ್ಟ್ರೀಮ್' ಆರಿಸಿ. 'ಸಬ್ ಸ್ಟ್ರೀಮ್' ಎಂದರೆ ಮೊಬೈಲ್‌ನಲ್ಲಿ ನೋಡಲೆಂದು ಮಾಡಿದ ಚಿಕ್ಕ, ಮಸುಕಾದ ಪ್ರತಿ. ಅದನ್ನು ಇಳಿಸಿಕೊಂಡರೆ ಗಾಡಿ ನಂಬರ್ ಓದಲು ಬರುವುದಿಲ್ಲ.

ಎರಡು, 'ಫಾರ್ಮ್ಯಾಟ್' ಎಂಬ ಆಯ್ಕೆ ಇದೆಯೇ ನೋಡಿ. ಹಲವು ಡಿವಿಆರ್‌ಗಳಲ್ಲಿ ಅಲ್ಲೇ 'ಎಂಪಿ4' ಅಥವಾ 'ಎವಿಐ' ಸಿಗುತ್ತದೆ. ಇದ್ದರೆ ಎರಡು ಸಲ ಇಳಿಸಿಕೊಳ್ಳಿ: ಒಮ್ಮೆ ಡಿವಿಆರ್‌ನ ಸ್ವಂತ ಮಾದರಿಯಲ್ಲಿ, ಇನ್ನೊಮ್ಮೆ ಎಂಪಿ4ರಲ್ಲಿ. ನಿಮ್ಮ ಮುಕ್ಕಾಲು ಕೆಲಸ ಇಲ್ಲೇ ಮುಗಿಯಿತು.

ಮೂರು, ಪ್ಲೇಯರನ್ನೂ ಜೊತೆಗೆ ಕಾಪಿ ಮಾಡಲೇ ಎಂದು ಕೇಳಿದರೆ ಹೌದು ಎನ್ನಿ. ಮುಂದೆ ಅದು ಬೇಕಾಗುತ್ತದೆ.

ಇನ್ನು ಕಾಯುವುದು. ಒಂದು ತಾಸಿನ ಫೂಟೇಜ್ ಇಳಿಯಲು ಹತ್ತು ನಿಮಿಷಕ್ಕಿಂತ ಜಾಸ್ತಿಯೂ ಆಗಬಹುದು. ಪರದೆಯಲ್ಲಿ ನೂರು ಪರ್ಸೆಂಟ್ ಬಂದು, 'ಬ್ಯಾಕಪ್ ಮುಗಿದಿದೆ' ಎನ್ನುವ ಸಂದೇಶ ಕಂಡು, ಪೆನ್‌ಡ್ರೈವ್‌ನ ದೀಪ ಮಿಣುಕುವುದು ನಿಂತ ಮೇಲೆ ಮಾತ್ರ ಕೀಳಿ. ಕಿತ್ತ ಕೂಡಲೇ ಕಂಪ್ಯೂಟರ್‌ಗೆ ಹಾಕಿ ಫೈಲ್ ಗಾತ್ರ ನೋಡಿ. ಸೊನ್ನೆ ಕೆಬಿ ಇದ್ದರೆ, ಅಥವಾ ಒಂದು ತಾಸಿನ ಫೂಟೇಜ್ ಬರೀ ನಾಲ್ಕೈದು ಎಂಬಿ ಇದ್ದರೆ, ಅಲ್ಲೇ ನಿಂತು ಮತ್ತೆ ಇಳಿಸಿಕೊಳ್ಳಿ. ಒಣದ್ರಾಕ್ಷಿ ಕಾಕಾ ಆವತ್ತು ಈ ಒಂದು ನಿಮಿಷ ಕೊಟ್ಟಿದ್ದರೆ ಸಾಕಿತ್ತು.

ಹಂತ 4: ಮೂಲ ಫೈಲನ್ನು ಎತ್ತಿಡಿ, ಕೆಲಸ ಪ್ರತಿಯ ಮೇಲೆ ಮಾಡಿ

ಕಂಪ್ಯೂಟರ್‌ನಲ್ಲಿ ಎರಡು ಫೋಲ್ಡರ್ ಮಾಡಿ. ಒಂದಕ್ಕೆ 'ಮೂಲ', ಇನ್ನೊಂದಕ್ಕೆ 'ಕೆಲಸ' ಎಂದು ಹೆಸರಿಡಿ. ಪೆನ್‌ಡ್ರೈವ್‌ನಲ್ಲಿ ಇರುವುದೆಲ್ಲ 'ಮೂಲ'ಕ್ಕೆ ಹೋಗಲಿ. ಅಲ್ಲಿಂದ ಒಂದು ಪ್ರತಿ 'ಕೆಲಸ'ಕ್ಕೆ. ಎರಡನೇ ಪೆನ್‌ಡ್ರೈವ್‌ಗೂ 'ಮೂಲ' ಫೋಲ್ಡರ್ ಕಾಪಿ ಮಾಡಿ ಕಪಾಟಿನಲ್ಲಿಡಿ. ಇನ್ನು ಮುಂದೆ ಏನೇ ಮಾಡಿದರೂ 'ಕೆಲಸ' ಫೋಲ್ಡರ್‌ನೊಳಗೆ ಮಾತ್ರ.

ಆಮೇಲೆ 'ಮೂಲ'ದ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, 7-ಜಿಪ್‌ನ 'ಸಿಆರ್‌ಸಿ ಎಸ್‌ಎಚ್‌ಎ' ಮೆನುವಿನಲ್ಲಿ 'ಎಸ್‌ಎಚ್‌ಎ-256' ಒತ್ತಿ. ವಿಂಡೋಸ್ 11ರಲ್ಲಿ ಮೊದಲು 'ಶೋ ಮೋರ್ ಆಪ್ಷನ್ಸ್' ಒತ್ತಬೇಕಾಗಬಹುದು. ಉದ್ದನೆಯ ಒಂದು ಅಕ್ಷರ-ಅಂಕಿ ಸಾಲು ಬರುತ್ತದೆ, ಒಟ್ಟು 64 ಅಕ್ಷರ. ಇದಕ್ಕೆ 'ಹ್ಯಾಶ್' ಎನ್ನುತ್ತಾರೆ, ಆ ಫೈಲಿನ ಬೆರಳಚ್ಚು ಇದ್ದ ಹಾಗೆ. ಫೈಲ್‌ನೊಳಗೆ ಒಂದೇ ಒಂದು ಚುಕ್ಕಿ ಬದಲಾದರೂ ಸಾಲು ಪೂರ್ತಿ ಬೇರೆ ಬರುತ್ತದೆ. ಅದನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಇಟ್ಟುಕೊಳ್ಳಿ. ಯಾಕೆ ಬೇಕು ಎನ್ನುವುದು ಕೊನೆಯ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 5: ಇದು ಯಾವ ಫೈಲ್ ಎಂದು ಗುರುತಿಸಿ

ಮೊದಲು ಫೋಲ್ಡರ್‌ನ 'ವ್ಯೂ' ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿ. ಈಗ ಹೆಸರಿನ ಕೊನೆಯ ಬಾಲ ಕಾಣಿಸುತ್ತದೆ. ನಮ್ಮ ಕಡೆ ಹೆಚ್ಚಾಗಿ ಸಿಗುವುದು ಮೂರು ಬಗೆ.

'ಡಿಎವಿ' ಎಂದು ಕೊನೆಯಾದರೆ ಅದು ದಾಹುವಾ ಎಂಬ ಕಂಪನಿಯ ಮಾದರಿ. ಸಿಪಿ ಪ್ಲಸ್ ಡಿವಿಆರ್‌ಗಳಿಂದ ಬರುವುದೂ ಸಾಮಾನ್ಯವಾಗಿ ಇದೇ.

'ಎಂಪಿ4' ಎಂದೇ ಇದೆ, ಆದರೂ ವಿಂಡೋಸ್ ಪ್ಲೇಯರ್ ಅಥವಾ ಮೊಬೈಲ್‌ನಲ್ಲಿ ಓಡುವುದಿಲ್ಲ. ಹಿಕ್‌ವಿಷನ್ ಡಿವಿಆರ್‌ಗಳ ಫೈಲ್ ಹಲವು ಸಲ ಹೀಗಿರುತ್ತದೆ. ಹೆಸರು ಎಂಪಿ4, ಒಳಗಿನ ಕಟ್ಟು ಬೇರೆ. ಫೈಲ್ ಕೆಟ್ಟಿದೆ ಎಂದು ಹೆದರಬೇಡಿ.

'264', 'ಎಚ್264' ಅಥವಾ '265' ಎಂದಿದ್ದರೆ ಅದು ಕಚ್ಚಾ ವಿಡಿಯೋ. ಪೆಟ್ಟಿಗೆ ಇಲ್ಲದ ಸರಕು ಇದ್ದ ಹಾಗೆ. ಸೆಕೆಂಡಿಗೆ ಎಷ್ಟು ಚಿತ್ರ ಓಡಿಸಬೇಕು ಎನ್ನುವ ಮಾಹಿತಿ ಅದರಲ್ಲಿ ಸರಿಯಾಗಿ ಇರುವುದಿಲ್ಲ. ಕಡಿಮೆ ಬೆಲೆಯ, ಹೆಸರಿಲ್ಲದ ಡಿವಿಆರ್‌ಗಳಲ್ಲಿ ಇದು ಜಾಸ್ತಿ.

ಈಗ ಮೀಡಿಯಾಇನ್ಫೋ ತೆರೆದು ಫೈಲನ್ನು ಅದರೊಳಗೆ ಎಳೆದು ಬಿಡಿ. ವಿಡಿಯೋ 'ಎವಿಸಿ' ಎಂದಿದ್ದರೆ ಅದು ಎಚ್.264. 'ಎಚ್‌ಇವಿಸಿ' ಎಂದಿದ್ದರೆ ಎಚ್.265. ಎರಡೂ ವಿಡಿಯೋವನ್ನು ಹಿಂಡಿ ಚಿಕ್ಕದು ಮಾಡುವ ವಿಧಾನ (ಕೋಡೆಕ್). ಅಗಲ, ಎತ್ತರ, ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ), ಆಡಿಯೋ ಇದೆಯೇ, ಇವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಿಎವಿ ಫೈಲ್‌ಗಳಿಗೆ ಇದು ಕೆಲವೊಮ್ಮೆ ಏನೂ ತೋರಿಸುವುದಿಲ್ಲ. ಆಗ ಡಿವಿಆರ್‌ನ 'ಎನ್‌ಕೋಡ್' ಸೆಟ್ಟಿಂಗ್‌ನಲ್ಲಿ ಇದೇ ವಿವರ ಸಿಗುತ್ತದೆ. ಅಲ್ಲಿ ಬರೀ ನೋಡಿ, ಏನನ್ನೂ ಬದಲಿಸಬೇಡಿ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಡಿಎವಿ ಎಂಬ ಬಾಲ ಅಳಿಸಿ ಎಂಪಿ4 ಎಂದು ಟೈಪ್ ಮಾಡುವುದು. ಗೋಧಿ ಚೀಲದ ಮೇಲೆ ಜೋಳ ಎಂದು ಬರೆದರೆ ಒಳಗಿರುವುದು ಜೋಳ ಆಗುತ್ತದೆಯೇ? ಹೆಸರು ಬದಲಿಸಿದರೆ ಪ್ಲೇಯರ್ ಇನ್ನಷ್ಟು ಗೊಂದಲಕ್ಕೆ ಬೀಳುತ್ತದೆ, ಆಮೇಲೆ ಕೈಗೆ ತೆಗೆದುಕೊಂಡವರಿಗೂ ಮೂಲ ಯಾವುದು ಎಂದು ತಿಳಿಯುವುದಿಲ್ಲ.

ಹಂತ 6: ಕನ್ವರ್ಟ್ ಮಾಡುವ ಮುನ್ನ ವಿಎಲ್‌ಸಿಯಲ್ಲಿ ಓಡಿಸಿ ನೋಡಿ

'ಕೆಲಸ' ಫೋಲ್ಡರ್‌ನ ಫೈಲನ್ನು ವಿಎಲ್‌ಸಿಯಲ್ಲಿ ತೆರೆಯಿರಿ. ಎಷ್ಟೋ ಫೈಲ್ ಇಲ್ಲೇ ಓಡುತ್ತವೆ. ವಿಂಡೋಸ್‌ನ ಸ್ವಂತ ಪ್ಲೇಯರ್‌ಗೆ ಎಚ್.265 ಓಡಿಸಲು ಬೇರೆ ಎಕ್ಸ್‌ಟೆನ್ಷನ್ ಬೇಕಾಗುತ್ತದೆ, ವಿಎಲ್‌ಸಿಗೆ ಬೇಡ. ನೀವೊಬ್ಬರೇ ನೋಡುವುದಿದ್ದರೆ ಕನ್ವರ್ಟ್ ಮಾಡುವ ಅಗತ್ಯವೇ ಇಲ್ಲ.

ಓಡುತ್ತದೆ, ಆದರೆ ಮುಂದೆ ಹಿಂದೆ ಸರಿಸಲು ಬರುವುದಿಲ್ಲ, ಒಟ್ಟು ಸಮಯ ತಪ್ಪು ತೋರಿಸುತ್ತದೆ ಎಂದರೆ ಗಾಬರಿ ಬೇಡ. ಒಳಗೆ ಸೂಚಿ ಇಲ್ಲದ ಫೈಲ್ ಹೀಗೇ ಮಾಡುತ್ತದೆ. ಕನ್ವರ್ಟ್ ಮಾಡಿದ ಮೇಲೆ ಸರಿಹೋಗುತ್ತದೆ.

ಹಂತ 7: ಮೊದಲ ಪ್ರಯತ್ನ, ಕಂಪನಿಯ ಪ್ಲೇಯರ್‌ನಲ್ಲೇ

ತನ್ನ ಫೈಲಿನ ಗುಟ್ಟು ಆ ಕಂಪನಿಯ ಪ್ಲೇಯರ್‌ಗೇ ಚೆನ್ನಾಗಿ ಗೊತ್ತಿರುತ್ತದೆ. ಡಿಎವಿಗೆ ದಾಹುವಾದ 'ಸ್ಮಾರ್ಟ್‌ಪ್ಲೇಯರ್'. ಹಿಕ್‌ವಿಷನ್‌ಗೆ 'ವಿಎಸ್‌ಪ್ಲೇಯರ್'. ಬೇರೆ ಡಿವಿಆರ್‌ಗಳಿಗೆ ಹಂತ 3ರಲ್ಲಿ ಪೆನ್‌ಡ್ರೈವ್‌ಗೆ ಬಂದ ಪ್ಲೇಯರ್.

ಸ್ಮಾರ್ಟ್‌ಪ್ಲೇಯರ್‌ನಲ್ಲಿ ಫೈಲ್ ತೆರೆದು, ಅದು ಓಡುವುದನ್ನು ನೋಡಿ, 'ಎಕ್ಸ್‌ಪೋರ್ಟ್' ಗುರುತನ್ನು ಒತ್ತಿ. ಎಲ್ಲಿಂದ ಎಲ್ಲಿಯವರೆಗೆ ಬೇಕೋ ಕತ್ತರಿಸಬಹುದು. ಮಾದರಿಯಲ್ಲಿ 'ಎಂಪಿ4' ಇದ್ದರೆ ಅದು, ಇಲ್ಲದಿದ್ದರೆ 'ಎವಿಐ' ಆರಿಸಿ. ಹೊರಬರುವ ಫೈಲಿನ ಜಾಗ 'ಕೆಲಸ' ಫೋಲ್ಡರ್ ಆಗಿರಲಿ.

ಬಂದ ಫೈಲ್ ಮೊಬೈಲ್‌ನಲ್ಲಿ ಓಡಿದರೆ ನೇರವಾಗಿ ಹಂತ 10ಕ್ಕೆ ಹೋಗಿ. ಎವಿಐ ಬಂದು ಮೊಬೈಲ್‌ನಲ್ಲಿ ಓಡದಿದ್ದರೆ ಆ ಎವಿಐಯನ್ನೇ ಮುಂದಿನ ಹಂತಕ್ಕೆ ಕೊಡಿ.

ಹಂತ 8: ಹ್ಯಾಂಡ್‌ಬ್ರೇಕ್‌ನಲ್ಲಿ ಕನ್ವರ್ಟ್

ಇಲ್ಲಿ ನಿಧಾನವಾಗಿ ಓದಿ. ಹ್ಯಾಂಡ್‌ಬ್ರೇಕ್ ಸಿನಿಮಾಕ್ಕೆಂದು ಹೊಂದಿಸಿದ ಸಾಫ್ಟ್‌ವೇರ್. ಸಿನಿಮಾಕ್ಕೆ ಸರಿಯಾದ ಸೆಟ್ಟಿಂಗ್ ಸಿಸಿಟಿವಿಗೆ ಕೆಲವು ಕಡೆ ಮುಳ್ಳಾಗುತ್ತದೆ.

ಫೈಲನ್ನು ಅದರೊಳಗೆ ಎಳೆದು ಬಿಡಿ. ಸ್ಕ್ಯಾನ್ ಆಗಿ ಚಿತ್ರ ಕಾಣಿಸಿದರೆ ಮುಂದುವರಿಯಿರಿ. 'ಸೋರ್ಸ್ ಸಿಗಲಿಲ್ಲ' ಎಂಬ ಅರ್ಥದ ಸಂದೇಶ ಬಂದರೆ ಅದಕ್ಕೆ ಈ ಫೈಲ್ ಅರ್ಥವಾಗಿಲ್ಲ. ಹಂತ 7ಕ್ಕೆ ಹಿಂದಿರುಗಿ ಎವಿಐ ಮಾಡಿಕೊಂಡು ಬನ್ನಿ.

'ಪ್ರಿಸೆಟ್'ನಲ್ಲಿ 'ಫಾಸ್ಟ್ 1080ಪಿ30' ಇರಲಿ. 'ಫಾರ್ಮ್ಯಾಟ್' ಎಂಪಿ4.

'ಡೈಮೆನ್ಷನ್ಸ್' ಪುಟಕ್ಕೆ ಹೋಗಿ. 'ಕ್ರಾಪಿಂಗ್' ಸಾಮಾನ್ಯವಾಗಿ ತಾನಾಗಿಯೇ ಅಂಚು ಕತ್ತರಿಸುವಂತೆ ಇರುತ್ತದೆ. ರಾತ್ರಿಯ ಫೂಟೇಜ್‌ನಲ್ಲಿ ಮೇಲಂಚು, ಕೆಳಅಂಚು ಕಪ್ಪಾಗಿರುತ್ತವೆ. ಸಾಫ್ಟ್‌ವೇರ್ ಅದನ್ನು ಖಾಲಿ ಪಟ್ಟಿ ಎಂದುಕೊಂಡು ಕತ್ತರಿಸಬಹುದು. ತಾರೀಖು ಮತ್ತು ಸಮಯ ಇರುವುದೇ ಆ ಅಂಚಿನಲ್ಲಿ, ಅಲ್ವಾ? ಆದ್ದರಿಂದ 'ನನ್' (ಏನೂ ಬೇಡ ಎಂದರ್ಥ) ಆರಿಸಿ. ಅಲ್ಲೇ 'ರೆಸಲ್ಯೂಷನ್ ಲಿಮಿಟ್' ಕೂಡ ನೋಡಿ. ನಿಮ್ಮದು 4 ಅಥವಾ 5 ಮೆಗಾಪಿಕ್ಸೆಲ್ ಕ್ಯಾಮೆರಾ ಆಗಿದ್ದರೆ ಈ ಪ್ರಿಸೆಟ್ ಚಿತ್ರವನ್ನು 1080ಕ್ಕೆ ಕುಗ್ಗಿಸುತ್ತದೆ. ಅದನ್ನೂ 'ನನ್' ಮಾಡಿ. ಚೀಟಿಯಲ್ಲಿ ಬರೆದ ಅಗಲ-ಎತ್ತರವೇ ಇಲ್ಲೂ ಬರಬೇಕು.

'ಫಿಲ್ಟರ್ಸ್'ನಲ್ಲಿ 'ಡಿನಾಯ್ಸ್' ಮತ್ತು 'ಶಾರ್ಪನ್' ಎರಡೂ ಆಫ್ ಇರಲಿ. ಮೊದಲನೆಯದು ಚಿತ್ರವನ್ನು ನುಣುಪು ಮಾಡಿ ಮುಖದ ಗುರುತನ್ನೂ ಅಳಿಸುತ್ತದೆ, ಎರಡನೆಯದು ಮೂಲದಲ್ಲಿ ಇಲ್ಲದ ಚೂಪು ಅಂಚು ತರುತ್ತದೆ.

'ವಿಡಿಯೋ' ಪುಟದಲ್ಲಿ 'ಫ್ರೇಮ್‌ರೇಟ್' ಅನ್ನು 'ಸೇಮ್ ಆಸ್ ಸೋರ್ಸ್' ಮಾಡಿ. ಕೋಡೆಕ್ 'ಎಚ್.264' ಇರಲಿ. ಎಚ್.265 ಗಾತ್ರದಲ್ಲಿ ಚಿಕ್ಕದು ನಿಜ, ಆದರೆ ಹಳೆ ಕಂಪ್ಯೂಟರ್‌ಗಳಲ್ಲಿ ಮತ್ತೆ ಇದೇ ರಗಳೆ ಶುರು. ಗುಣಮಟ್ಟದ ಪಟ್ಟಿಯಲ್ಲಿ 'ಆರ್‌ಎಫ್' ಅಂಕಿ 22ರ ಸುಮಾರು ಇರುತ್ತದೆ. ಅದನ್ನು 18ಕ್ಕೆ ತನ್ನಿ. ಇಲ್ಲಿ ಅಂಕಿ ಕಡಿಮೆಯಾದಷ್ಟೂ ಚಿತ್ರ ಚೆನ್ನಾಗಿರುತ್ತದೆ, ಫೈಲ್ ದೊಡ್ಡದಾಗುತ್ತದೆ. ಇನ್ನೂ ಕೆಳಗೆ ಇಳಿಸಿದರೆ ಕಣ್ಣಿಗೆ ಕಾಣುವ ಲಾಭವಿಲ್ಲ. ಕ್ಯಾಮೆರಾ ಹಿಡಿಯದೇ ಇದ್ದದ್ದನ್ನು ಯಾವ ಸೆಟ್ಟಿಂಗೂ ತಂದುಕೊಡುವುದಿಲ್ಲ.

'ಆಡಿಯೋ' ಇದ್ದರೆ 'ಎಎಸಿ' ಆರಿಸಿ. ಡಿವಿಆರ್‌ಗಳು ಧ್ವನಿಯನ್ನು ಟೆಲಿಫೋನ್ ಮಾದರಿಯಲ್ಲಿ ಹಿಡಿಯುವುದು ಸಾಮಾನ್ಯ. ಅದು ಎಂಪಿ4 ಪೆಟ್ಟಿಗೆಯಲ್ಲಿ ಹಾಗೇ ಕೂರುವುದಿಲ್ಲ. 'ವಿಡಿಯೋ ಬಂತು, ಮಾತು ಬರವಲ್ದು' ಎನ್ನುವ ದೂರಿಗೆ ಹೆಚ್ಚಾಗಿ ಕಾರಣ ಇದೇ.

ಕೊನೆಗೆ 'ಸೇವ್ ಆಸ್' ಜಾಗದಲ್ಲಿ ಹೊಸ ಹೆಸರು ಕೊಡಿ: ಕ್ಯಾಮೆರಾ ನಂಬರ್, ತಾರೀಖು, ಸಮಯ. ಮೂಲದ ಹೆಸರನ್ನೇ ಮತ್ತೆ ಕೊಡಬೇಡಿ. 'ಸ್ಟಾರ್ಟ್ ಎನ್‌ಕೋಡ್' ಒತ್ತಿ. ಹಳೆ ಲ್ಯಾಪ್‌ಟಾಪ್ ಆದರೆ ಒಂದು ತಾಸಿನ ವಿಡಿಯೋಗೆ ಒಂದು ತಾಸೇ ಹಿಡಿಯಬಹುದು. ಚಾರ್ಜರ್ ಹಾಕಿ, ಸ್ಲೀಪ್‌ಗೆ ಹೋಗದಂತೆ ಮಾಡಿ, ಚಹಾ ಕುಡಿದು ಬನ್ನಿ.

ಹಂತ 9: 264 ಕಚ್ಚಾ ಫೈಲ್ ಆಗಿದ್ದರೆ

ಮೊದಲ ಸಲಹೆ: ಡಿವಿಆರ್ ಹತ್ತಿರ ವಾಪಸ್ ಹೋಗಿ, ಬ್ಯಾಕಪ್‌ನಲ್ಲಿ 'ಎವಿಐ' ಅಥವಾ 'ಎಂಪಿ4' ಆಯ್ಕೆ ಇದೆಯೇ ಎಂದು ಮತ್ತೆ ನೋಡಿ. ಬಹಳಷ್ಟರಲ್ಲಿ ಇರುತ್ತದೆ, ಅವಸರದಲ್ಲಿ ಕಣ್ಣಿಗೆ ಬಿದ್ದಿರುವುದಿಲ್ಲ.

ಇಲ್ಲವೇ ಇಲ್ಲ ಎಂದರೆ ವಿಎಲ್‌ಸಿಗೆ ದಾರಿ ತೋರಿಸಬೇಕು. 'ಟೂಲ್ಸ್' ಒಳಗೆ 'ಪ್ರಿಫರೆನ್ಸಸ್'. ಕೆಳಗಡೆ ಎಡ ಮೂಲೆಯಲ್ಲಿ 'ಶೋ ಸೆಟ್ಟಿಂಗ್ಸ್' ಎಂಬಲ್ಲಿ 'ಆಲ್' ಆರಿಸಿ. 'ಇನ್‌ಪುಟ್ / ಕೋಡೆಕ್ಸ್' ಕೆಳಗಿನ 'ಡಿಮಕ್ಸರ್ಸ್' ಒತ್ತಿ, 'ಡಿಮಕ್ಸ್ ಮಾಡ್ಯೂಲ್' ಜಾಗದಲ್ಲಿ 'ಎಚ್264 ವಿಡಿಯೋ ಡಿಮಕ್ಸರ್' ಆರಿಸಿ ಸೇವ್ ಮಾಡಿ. ವಿಎಲ್‌ಸಿ ಮುಚ್ಚಿ ತೆರೆದು ಫೈಲ್ ಓಡಿಸಿ. ಕೆಲಸ ಮುಗಿದ ಮೇಲೆ ಅದೇ ಪುಟದಲ್ಲಿ 'ರಿಸೆಟ್ ಪ್ರಿಫರೆನ್ಸಸ್' ಒತ್ತುವುದನ್ನು ಮರೆಯಬೇಡಿ. ಮರೆತರೆ ನಾಳೆಯಿಂದ ಬೇರೆ ಯಾವ ವಿಡಿಯೋವೂ ಓಡುವುದಿಲ್ಲ.

ಇಲ್ಲಿ ವೇಗದ ಸಮಸ್ಯೆ ಬರುತ್ತದೆ. ಕ್ಯಾಮೆರಾ ಸೆಕೆಂಡಿಗೆ 15 ಫ್ರೇಮ್ ಹಿಡಿದಿದೆ, ಪ್ಲೇಯರ್ 25 ಎಂದುಕೊಂಡಿದೆ ಎನ್ನಿ. ಆಗ ಒಂದು ನಿಮಿಷದ ಘಟನೆ 36 ಸೆಕೆಂಡಿಗೇ ಮುಗಿಯುತ್ತದೆ. ನಡೆಯುವವರು ಓಡಿದಂತೆ ಕಾಣುತ್ತಾರೆ. ಗಾಡಿ ಎಷ್ಟು ಜೋರಾಗಿ ಬಂತು ಎನ್ನುವ ಜಗಳದಲ್ಲಿ ಇಂಥ ವಿಡಿಯೋ ತೋರಿಸಿದರೆ ಏನಾದೀತು ಯೋಚಿಸಿ. ಡಿಮಕ್ಸರ್ಸ್ ಪಟ್ಟಿಯೊಳಗೆ ಎಚ್264ಕ್ಕೆ ಫ್ರೇಮ್ ವೇಗ ಹಾಕುವ ಜಾಗವಿದೆ. ನಿಮ್ಮ ಚೀಟಿಯಲ್ಲಿರುವ ಅಂಕಿ ಅಲ್ಲಿ ಹಾಕಿ.

ಚಿತ್ರ ಸರಿಯಾಗಿ, ಸರಿಯಾದ ವೇಗದಲ್ಲಿ ಓಡಿದ ಮೇಲೆ 'ಮೀಡಿಯಾ' ಮೆನುವಿನ 'ಕನ್ವರ್ಟ್ / ಸೇವ್' ಒತ್ತಿ, ಫೈಲ್ ಸೇರಿಸಿ, ಎಂಪಿ4 ಪ್ರೊಫೈಲ್ ಆರಿಸಿ, ಹೊಸ ಹೆಸರು ಕೊಟ್ಟು ಶುರು ಮಾಡಿ. ಪರದೆಯಲ್ಲಿ ಚಿತ್ರ ಬರುವುದಿಲ್ಲ, ಕೆಳಗಿನ ಪಟ್ಟಿ ಮಾತ್ರ ಸರಿಯುತ್ತದೆ. ಕೆಲವು ಕಚ್ಚಾ ಫೈಲ್‌ಗಳಲ್ಲಿ ಅದೂ ಸರಿಯುವುದಿಲ್ಲ. 'ಕೆಲಸ' ಫೋಲ್ಡರ್ ತೆರೆದು ಹೊಸ ಫೈಲಿನ ಗಾತ್ರ ಬೆಳೆಯುತ್ತಿದೆಯೇ ನೋಡಿ. ಬೆಳೆಯುತ್ತಿದ್ದರೆ ಕೆಲಸ ನಡೆದಿದೆ ಎಂದರ್ಥ.

ಹಂತ 10: ಪರೀಕ್ಷೆ ಮಾಡದೆ ಯಾರಿಗೂ ಕೊಡಬೇಡಿ

ಹೊಸ ಫೈಲನ್ನು ನಿಮ್ಮ ಕಂಪ್ಯೂಟರ್ ಬಿಟ್ಟು ಇನ್ನೊಂದರಲ್ಲಿ ಮತ್ತು ಒಂದು ಮೊಬೈಲ್‌ನಲ್ಲಿ ಓಡಿಸಿ.

ಕೈಗಡಿಯಾರ ಹಿಡಿದು ಕೂತು, ವಿಡಿಯೋದ ಮೇಲಿನ ಸಮಯ 9:14:00ರಿಂದ 9:15:00ಕ್ಕೆ ಬರಲು ನಿಜವಾಗಿ 60 ಸೆಕೆಂಡ್ ಹಿಡಿಯಿತೇ ನೋಡಿ. ಮೊದಲ ನಿಮಿಷ, ನಡುವಿನ ನಿಮಿಷ, ಕೊನೆಯ ನಿಮಿಷ, ಮೂರನ್ನೂ ನೋಡಿ. ನಡುವೆ ಸಮಯ ಜಿಗಿದರೆ ಅದೇ ಜಾಗವನ್ನು ಮೂಲ ಫೈಲಿನಲ್ಲೂ ನೋಡಿ. ಅಲ್ಲೂ ಜಿಗಿದಿದ್ದರೆ ಆ ಹೊತ್ತು ಕರೆಂಟ್ ಹೋಗಿತ್ತು, ಅಥವಾ ಕ್ಯಾಮೆರಾ ಅಲುಗಾಟ ಕಂಡಾಗ ಮಾತ್ರ ರೆಕಾರ್ಡ್ ಮಾಡುವ ಸೆಟ್ಟಿಂಗ್‌ನಲ್ಲಿದೆ. ಮೂಲದಲ್ಲಿ ಇದ್ದು ಹೊಸದರಲ್ಲಿ ಇಲ್ಲದಿದ್ದರೆ ಕನ್ವರ್ಟ್ ಮಾಡುವಾಗಲೇ ಬಿಟ್ಟುಹೋಗಿದೆ. ಮತ್ತೆ ಮಾಡಿ.

ಹಸಿರು ಅಥವಾ ಬೂದು ಪಟ್ಟಿ, ಚೌಕಚೌಕ ಚೂರು ಶುರುವಿನ ಒಂದೆರಡು ಸೆಕೆಂಡ್ ಬಂದರೆ ಸಹಜ. ಉದ್ದಕ್ಕೂ ಬರುತ್ತಿದ್ದರೆ ಪೆನ್‌ಡ್ರೈವ್‌ಗೆ ಇಳಿಯುವಾಗಲೇ ಫೈಲ್ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಬೇರೆ ಪೆನ್‌ಡ್ರೈವ್ ಹಾಕಿ ಮತ್ತೆ ಇಳಿಸಿಕೊಳ್ಳಿ.

ಹಂತ 11: ಕಳಿಸುವುದು, ಪೊಲೀಸರಿಗೆ ಕೊಡುವುದು

ವಾಟ್ಸಾಪ್‌ನಲ್ಲಿ ವಿಡಿಯೋ ಎಂದು ಕಳಿಸಿದರೆ ಅದು ಹಿಂಡಿ ಚಿಕ್ಕದು ಮಾಡುತ್ತದೆ. 'ಡಾಕ್ಯುಮೆಂಟ್' ಎಂದು ಕಳಿಸಿ. 2 ಜಿಬಿ ತನಕದ ಫೈಲ್ ಇದ್ದದ್ದು ಇದ್ದ ಹಾಗೆ ಹೋಗುತ್ತದೆ. ಮಾನಿಟರ್ ಎದುರು ಮೊಬೈಲ್ ಹಿಡಿದು ತೆಗೆದ ವಿಡಿಯೋ ಮನೆಯವರಿಗೆ ತೋರಿಸಲು ಸರಿ, ಅದೊಂದನ್ನೇ ನಂಬಿ ಕೂರಬೇಡಿ. ಮತ್ತೆ, ಗುಂಪುಗಳಿಗೆ ಹಾಕಬೇಡಿ. ಕಳ್ಳ ಎಂದು ನೀವು ತಿಳಿದವನು ಕಳ್ಳ ಅಲ್ಲದೆಯೂ ಇರಬಹುದು.

ಠಾಣೆಗೆ ಹೋಗುವಾಗ ಎರಡನ್ನೂ ಒಯ್ಯಿರಿ. ಎಂಪಿ4 ಅವರು ಕೂಡಲೇ ನೋಡಲಿಕ್ಕೆ, ಮೂಲ ಫೈಲ್ ಸಾಕ್ಷಿಗೆ. ಕೆಲವು ಕಂಪನಿಗಳ ಮೂಲ ಫೈಲಿನೊಳಗೆ ಕಣ್ಣಿಗೆ ಕಾಣದ ವಾಟರ್‌ಮಾರ್ಕ್ ಇರುತ್ತದೆ. ಯಾರಾದರೂ ತಿದ್ದಿದ್ದಾರೆಯೇ ಎಂದು ಅದರಿಂದ ಪರೀಕ್ಷಿಸಬಹುದು. ಕನ್ವರ್ಟ್ ಮಾಡಿದ ಫೈಲಿನಲ್ಲಿ ಅದು ಉಳಿಯುವುದಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಕಲಂ ಇಂಥ ಎಲೆಕ್ಟ್ರಾನಿಕ್ ಸಾಕ್ಷಿಯ ಬಗ್ಗೆ ಹೇಳುತ್ತದೆ. ಹಿಂದೆ ಎಲ್ಲರೂ '65ಬಿ ಸರ್ಟಿಫಿಕೇಟ್' ಎನ್ನುತ್ತಿದ್ದರಲ್ಲ, ಅದರ ಜಾಗಕ್ಕೆ ಬಂದದ್ದು ಇದು. ಪ್ರಮಾಣಪತ್ರದಲ್ಲಿ ಎರಡು ಭಾಗ: ಒಂದನ್ನು ಸಾಕ್ಷಿ ಕೊಡುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಎರಡರಲ್ಲೂ ಫೈಲಿನ ಹ್ಯಾಶ್ ಬರೆಯುವ ಜಾಗ ಇದೆ. ಹಂತ 4ರಲ್ಲಿ ನೋಟ್‌ಪ್ಯಾಡ್‌ನಲ್ಲಿ ಇಟ್ಟ 64 ಅಕ್ಷರದ ಸಾಲು ಇಲ್ಲಿ ಬೇಕಾಗುತ್ತದೆ. ಡಿವಿಆರ್‌ನ ಮಾಡೆಲ್ ಮತ್ತು ಸೀರಿಯಲ್ ನಂಬರ್ ಬರೆದುಕೊಂಡು ಹೋಗಿ, ಹಂತ 2ರ ಫೋಟೋವನ್ನೂ ಜೊತೆಗಿಡಿ. ಫಾರಂ ತುಂಬುವ ಮುನ್ನ ವಕೀಲರನ್ನು ಒಮ್ಮೆ ಕೇಳಿ.

ಈ ಲಕ್ಷಣ ಕಂಡರೆ ಕೈ ತೆಗೆಯಿರಿ

ಡಿವಿಆರ್ ಒಳಗಿಂದ ಟಕ್ ಟಕ್ ಎಂದು ಒಂದೇ ತಾಳದ ಸದ್ದು ಬರುತ್ತಿದ್ದರೆ ಹಾರ್ಡ್‌ಡಿಸ್ಕ್ ಸೋಲುತ್ತಿದೆ. ಕೂಡಲೇ ಬಂದ್ ಮಾಡಿ. 'ಇನ್ನೊಂದ್ಸಲ ನೋಡೂಣು' ಎಂದು ಆನ್ ಮಾಡಿದಷ್ಟೂ ಉಳಿದದ್ದೂ ಹೋಗುತ್ತದೆ. ಡೇಟಾ ರಿಕವರಿ ಮಾಡುವವರ ಕೈಗೆ ಕೊಡಿ.

ಡಿವಿಆರ್ ಪರದೆ ಮೇಲೆ 'ಡಿಸ್ಕ್ ಫಾರ್ಮ್ಯಾಟ್ ಮಾಡಿ' ಎಂದು ಬಂದರೆ ಒಪ್ಪಬೇಡಿ.

ಇನ್ನೊಂದು ಇದೆ. ಪೆನ್‌ಡ್ರೈವ್‌ಗೆ ಇಳಿಸುವ ತಾಪತ್ರಯವೇ ಬೇಡ ಎಂದು ಡಿವಿಆರ್ ಬಿಚ್ಚಿ, ಡಿಸ್ಕ್ ತೆಗೆದು, ನೇರವಾಗಿ ಕಂಪ್ಯೂಟರ್‌ಗೆ ಜೋಡಿಸುವವರಿದ್ದಾರೆ. ಬಹಳಷ್ಟು ಡಿವಿಆರ್‌ಗಳು ತಮ್ಮದೇ ರೀತಿಯಲ್ಲಿ ಡಿಸ್ಕ್ ಬರೆಯುತ್ತವೆ, ವಿಂಡೋಸ್‌ಗೆ ಅದನ್ನು ಓದಲು ಬರುವುದಿಲ್ಲ. ಆಗ ಪರದೆಯ ನಡುವೆ 'ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು' ಎಂಬ ಅರ್ಥದ ಚಿಕ್ಕ ಕಿಟಕಿ ಬರುತ್ತದೆ. ನೀಲಿ ಬಟನ್ ಮೇಲೆ ಬೆರಳು ತಾನಾಗಿಯೇ ಹೋಗುತ್ತದೆ. 'ಕ್ಯಾನ್ಸಲ್' ಒತ್ತಿ, ಡಿಸ್ಕ್ ವಾಪಸ್ ಡಿವಿಆರ್‌ಗೇ ಹಾಕಿ, ಹಂತ 3ರಿಂದ ಮತ್ತೆ ಶುರು ಮಾಡಿ.